ಗಂಟು ಹೊತ್ತವನ ನಗೆ

(ನಮ್ಮ ಸಂಘದ ವಾರ್ಷಿಕ ಸಮಾರಂಭದಲ್ಲಿ ‘ಪ್ರವಾಸ ಸಾಹಿತ್ಯದಲ್ಲಿ ವಿನೋದ’ ಎಂಬ ವಿಷಯವಾಗಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವಿಷಯ ದೊಡ್ಡದು, ಕೊಟ್ಟಿರುವ ವೇಳೆ ಚಿಕ್ಕದು. ಇದಾದ ಮೇಲೆ ನಾಟಕವಿದೆ. ನಾಟಕದವರು ಆಗಲೇ ಬಣ್ಣ ಹಚ್ಚಿಕೊಂಡು ಪರದೆಯ ಸಂದಿಯಿಂದ ನನ್ನನ್ನು ನೋಡುತ್ತಿದ್ದಾರೆ. ಗದೆ ಹಿಡಿದು ನಿಂತ ಭೀಮನನ್ನು ಕಾಯಿಸುವುದು ಯಾವ ಭಾಷಣಕಾರನಿಗೂ ಕ್ಷೇಮವಲ್ಲ. ಆದ್ದರಿಂದ ಪೀಠಿಕೆಯನ್ನು ಬಿಟ್ಟು ವಿಷಯಕ್ಕೇ ಬರುತ್ತೇನೆ.

ಮನೆಯಲ್ಲಿ ಕುಳಿತವನಿಗೆ ಎಲ್ಲವೂ ಗೊತ್ತು. ನೀರು ಎಲ್ಲಿದೆ, ಉಪ್ಪು ಎಲ್ಲಿದೆ, ಯಾರಿಗೆ ಯಾವ ಮಾತು ಆಡಿದರೆ ಸಿಟ್ಟು ಬರುತ್ತದೆ, ಎಲ್ಲ ಗೊತ್ತು. ಅದೇ ಮನುಷ್ಯ ಊರು ಬಿಟ್ಟು ಹತ್ತು ಹರದಾರಿ ಹೋಗಲಿ, ಕೂಸಿನಂತಾಗುತ್ತಾನೆ. ನೀರನ್ನೂ ಕೇಳಬೇಕು, ದಾರಿಯನ್ನೂ ಕೇಳಬೇಕು. ಕೇಳುವುದಕ್ಕೆ ಮಾತು ಬೇಕು, ಆ ಮಾತು ಬಾರದು. ಊರಿಗೆ ಅರಸನಾದರೂ ತಾಯಿಗೆ ಮಗ ಎಂದು ನಮ್ಮಲ್ಲಿ ಗಾದೆಯುಂಟು. ರೈಲಿಗೆ ಅವನು ಅರಸನೂ ಅಲ್ಲ, ಮಗನೂ ಅಲ್ಲ, ಬರಿಯ ಒಂದು ಟಿಕೀಟು. ದೊಡ್ಡವನೆಂದುಕೊಂಡವನು ಇದ್ದಕ್ಕಿದ್ದಂತೆ ಚಿಕ್ಕವನಾದಾಗ ನಗೆ ಹುಟ್ಟುತ್ತದೆ. ಪ್ರವಾಸದ ವಿನೋದವೆಲ್ಲ ಈ ಬುಗ್ಗೆಯಿಂದಲೇ ಬಂದದ್ದು.

ಆದರೆ ಆ ನಗೆ ಎರಡು ದಾರಿ ಹಿಡಿಯುತ್ತದೆ. ‘ನನ್ನ ಅವಸ್ಥೆ ನೋಡಿರಯ್ಯಾ’ ಎಂದು ತನ್ನನ್ನೇ ನಕ್ಕುಕೊಳ್ಳುವುದು ಒಂದು ದಾರಿ. ‘ಈ ಊರಿನವರ ಅವಸ್ಥೆ ನೋಡಿರಯ್ಯಾ’ ಎಂದು ಎದುರಿನವರನ್ನು ನಗುವುದು ಇನ್ನೊಂದು. ಪ್ರವಾಸದ ಪುಸ್ತಕ ಯಾವುದನ್ನೇ ತೆರೆದರೂ ಹತ್ತು ಪುಟದೊಳಗೆ ಬರೆದವನು ಯಾವ ದಾರಿ ಹಿಡಿದಿದ್ದಾನೆಂಬುದು ತಿಳಿಯುತ್ತದೆ. ಪರವೂರಿನಲ್ಲಿ ದುಡಿದು ಬದುಕುವ ನಮ್ಮಂಥವರಿಗೆ ಇದು ಪುಸ್ತಕದ ಮಾತು ಮಾತ್ರವಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಪತ್ರದ ಕಥೆ. ದಿಲ್ಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಒಂದು ಅರ್ಜಿಯನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. 1909ರದು ಎನ್ನುತ್ತಾರೆ. ಬರೆದವರು ಒಖಿಲ್ ಚಂದ್ರ ಸೇನ್ ಎಂಬ ಬಂಗಾಳದ ಪ್ರಯಾಣಿಕರು. ಅವರು ಹಲಸಿನ ಹಣ್ಣನ್ನು ಹೊಟ್ಟೆ ಬಿರಿಯೆ ತಿಂದು ಗಾಡಿ ಹತ್ತಿದರು. ಹಲಸಿನ ಹಣ್ಣು ಹೊಟ್ಟೆಯೊಳಗೆ ಏನು ಮಾಡುತ್ತದೆಂಬುದನ್ನು ಕರಾವಳಿಯವರಿಗೆ ನಾನು ವಿವರಿಸಬೇಕಾಗಿಲ್ಲ. ಅಹಮದಪುರ ಎಂಬ ಸ್ಟೇಷನ್ನಿನಲ್ಲಿ ಅವರು ಅವಸರವಾಗಿ ಇಳಿದು ಹೋದರು. ಅತ್ತ ಅವರು ಕುಳಿತರು, ಇತ್ತ ಗಾರ್ಡು ಸೀಟಿ ಊದಿದನು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಧೋತರ ಹಿಡಿದು ಓಡಿ ಬಂದವರು ಪ್ಲಾಟುಫಾರಮಿನ ಮೇಲೆ ಮುಗ್ಗರಿಸಿ ಬಿದ್ದರು. ಕಾಣಬಾರದ್ದನ್ನೆಲ್ಲ ಅಲ್ಲಿದ್ದ ಗಂಡಸರೂ ಹೆಂಗಸರೂ ಕಂಡರು. ಗಾಡಿ ಹೋಯಿತು. ಸೇನರು ಸಾಹಿಬಗಂಜಿನ ರೈಲ್ವೆ ಕಚೇರಿಗೆ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಅರ್ಜಿ ಬರೆದರು: ಆ ಗಾರ್ಡಿಗೆ ದೊಡ್ಡ ದಂಡ ಹಾಕಿರಿ, ಇಲ್ಲವಾದರೆ ಸಮಾಚಾರವನ್ನು ಪತ್ರಿಕೆಗಳಿಗೆ ಕೊಡುತ್ತೇನೆ. ನಮ್ಮ ಗಾಡಿಗಳಲ್ಲಿ ಕೆಳ ತರಗತಿಯವರಿಗೆ ಪಾಯಖಾನೆ ಬಂದದ್ದು ಈ ಅರ್ಜಿಯಿಂದಲೇ ಎಂದು ಜನ ಹೇಳುವುದುಂಟು.

ನೂರು ವರ್ಷಕ್ಕೂ ಮೇಲಾಗಿ ಜನ ಈ ಪತ್ರವನ್ನು ಓದಿ ನಗುತ್ತಿದ್ದಾರೆ. ಹೆಚ್ಚಿನವರು ನಗುವುದು ಅದರ ಮುರುಕು ಇಂಗ್ಲಿಷನ್ನು ಕಂಡು. ಆದರೆ ಸೇನರು ಏನು ಕೇಳಿದರೆಂಬುದನ್ನು ನೋಡಿ. ದುಡ್ಡು ಕೊಟ್ಟು ಟಿಕೀಟು ತೆಗೆದವನ ದೇಹಕ್ಕೂ ಒಂದು ಮರ್ಯಾದೆ ಉಂಟೆಂದು ಅವರು ಹೇಳಿದರು. ಬಿದ್ದದ್ದನ್ನು ಮುಚ್ಚಿಡಲಿಲ್ಲ, ಬಿದ್ದ ಹಾಗೆಯೇ ಬರೆದರು. ಬಿದ್ದವನು ತಾನೇ ಹೇಳಿದ್ದರಿಂದ ಆ ಮಾತು ಇಂದಿಗೂ ಬದುಕಿದೆ. ಸೀಟಿ ಊದಿದ ಗಾರ್ಡಿನ ಹೆಸರು ಯಾರಿಗೆ ಗೊತ್ತು?

ಎರಡನೆಯ ಪತ್ರ ಗಾಂಧೀಜಿಯವರದು. ದಕ್ಷಿಣ ಆಫ್ರಿಕದಿಂದ 1915ರ ಜನವರಿಯಲ್ಲಿ ಹಿಂತಿರುಗಿದ ಮೇಲೆ ಅವರು ಮೂರನೆಯ ತರಗತಿಯಲ್ಲಿ ದೇಶವನ್ನು ಸುತ್ತಿದರು. 1917ರ ಸೆಪ್ಟೆಂಬರಿನಲ್ಲಿ ಆ ಅನುಭವವನ್ನು ಪತ್ರಿಕೆಗಳಿಗೆ ಬರೆದರು. ಪ್ರಯಾಣ ನಮ್ಮ ಮುಂಬಯಿಯಿಂದ ಮದರಾಸಿಗೆ, ಮೇಲ್ ಗಾಡಿಯಲ್ಲಿ. ಟಿಕೀಟು 13 ರೂಪಾಯಿ 9 ಆಣೆ. ಡಬ್ಬಿಯ ಮೇಲೆ 22 ಜನರಿಗೆಂದು ಬರೆದಿತ್ತು. ರಾಯಚೂರಿನವರೆಗೆ ಹೇಗೋ ಸಾಗಿತು. ರಾಯಚೂರು ಮುಟ್ಟಿದ ಮೇಲೆ ನೂಕುನುಗ್ಗಲು ತಡೆಯಲಾರದಷ್ಟಾಯಿತು. ರಾತ್ರಿಯ ಬಹುಭಾಗ ಆ ಡಬ್ಬಿಯಲ್ಲಿ 35 ಜನರಿದ್ದರು. ರೈಲ್ವೆಯವರು ಬಾಗಿಲಿಗೆ ಬಂದದ್ದು ಇನ್ನಷ್ಟು ಜನರನ್ನು ಒಳಗೆ ತಳ್ಳುವುದಕ್ಕೆ ಮಾತ್ರ. ಇದು ಐದನೆಯ ರಾತ್ರಿಯ ಪ್ರಯಾಣವೆಂದು ಒಬ್ಬ ಮೇಮನ್ ವ್ಯಾಪಾರಿ ಬೇಡಿಕೊಂಡರೂ ಕೇಳಲಿಲ್ಲ.

ಇಷ್ಟು ಕಷ್ಟದ ನಡುವೆ ದಾರಿಯ ಸ್ಟೇಷನ್ನಿನ ಚಹಾದ ವಿಷಯ ಬರುತ್ತದೆ. ಕಂದುನೀರಿಗೆ ಕೊಳೆ ಸಕ್ಕರೆ ಬೆರಸಿ, ಹಾಲು ಎಂದು ಹೆಸರು ಹೊತ್ತ ಬೆಳ್ಳಗಿನ ಒಂದು ದ್ರವವನ್ನು ಹುಯ್ದಿದ್ದರಂತೆ. ಅದರ ರೂಪಕ್ಕೆ ಸ್ವತಃ ಗಾಂಧೀಜಿ ಸಾಕ್ಷಿ. ರುಚಿಗೆ ಮಾತ್ರ ಕುಡಿದ ಪ್ರಯಾಣಿಕರನ್ನು ಸಾಕ್ಷಿಗೆ ಕರೆಯುತ್ತೇನೆ ಎನ್ನುತ್ತಾರೆ. ಬ್ಯಾರಿಸ್ಟರರಲ್ಲವೆ? ತಾನು ಕುಡಿಯದ ಚಹಾದ ವಿಷಯದಲ್ಲಿ ಸುಳ್ಳು ಸಾಕ್ಷಿ ಹೇಳಲೊಲ್ಲರು. ಹಗಲೂ ರಾತ್ರಿಯೂ ಚಹಾ ಮಾಡಿ ಕೊಟ್ಟ ಕೈಗಳು ಈ ಸಭೆಯಲ್ಲಿ ಎಷ್ಟೋ ಇವೆ. ಅವುಗಳಿಗೆ ಈ ಸಾಕ್ಷಿಯ ಬೆಲೆ ಚೆನ್ನಾಗಿ ತಿಳಿದೀತು.

ಆ ಪತ್ರದಲ್ಲಿ ಗಾಂಧೀಜಿ ಪ್ರಯಾಣಿಕರ ಕೊಳಕು ಅಭ್ಯಾಸಗಳನ್ನೂ ಬಿಟ್ಟಿಲ್ಲ. ಕಂಡಲ್ಲಿ ಉಗುಳುವುದು, ಎಲ್ಲೆಂದರಲ್ಲಿ ಹೊಗೆ ಬಿಡುವುದು, ಎಲ್ಲವನ್ನೂ ಹೇಳಿದ್ದಾರೆ. ಆದರೆ ಮೊದಲನೆಯ ತರಗತಿಯ ಕಿಟಕಿಯಿಂದ ಇಣಿಕಿ ನೋಡಿ ಹೇಳಿದ ಮಾತಲ್ಲ ಅದು. ಅದೇ 35ರಲ್ಲಿ ಒಬ್ಬರಾಗಿ ಕುಳಿತು ಹೇಳಿದ್ದು. ಆದ್ದರಿಂದ ಓದುವವನಿಗೆ ನಾಚಿಕೆಯಾಗುತ್ತದೆ, ಸಿಟ್ಟು ಬರುವುದಿಲ್ಲ. ಮೂರನೆಯ ತರಗತಿ ಎಂಬ ಹೆಸರು 1970ರ ದಶಕದಲ್ಲಿ ಹೋಯಿತು. ಹೆಸರಿನ ಜೊತೆಗೆ ಇನ್ನೇನು ಹೋಯಿತೆಂಬುದನ್ನು ಹಬ್ಬದ ದಿನಗಳಲ್ಲಿ ಜನರಲ್ ಡಬ್ಬಿ ಹತ್ತಿದವರೇ ಹೇಳಬೇಕು.

ಇನ್ನು ಹೊರದೇಶದಿಂದ ನಮ್ಮ ಮುಂಬಯಿಗೆ ಬಂದ ಒಬ್ಬ ನಗೆಗಾರನ ಮಾತು. ಅಮೆರಿಕದ ಮಾರ್ಕ್ ಟ್ವೇನ್, ಯುರೋಪು ಮತ್ತು ಪ್ಯಾಲೆಸ್ಟೈನಿನ ಯಾತ್ರೆಯ ಬಗ್ಗೆ 1869ರಲ್ಲಿ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ ಎಂಬ ಪುಸ್ತಕ ಪ್ರಕಟಿಸಿ ಹೆಸರಾದವನು. ಹಣವೂ ಬಂತು, ಬಂದ ಹಾಗೆ ಹೋಯಿತು. ಅಚ್ಚಿನ ಮೊಳೆ ಜೋಡಿಸುವ ಹೊಸ ಯಂತ್ರವೊಂದರಲ್ಲಿ ತೊಡಗಿಸಿದ ಹಣ ಮುಳುಗಿತು. ನಡೆಸುತ್ತಿದ್ದ ಪ್ರಕಾಶನ ಸಂಸ್ಥೆ 1894ರಲ್ಲಿ ದಿವಾಳಿಯಾಯಿತು. ಸಾಲಗಾರರ ಹಣವನ್ನೆಲ್ಲ ತೀರಿಸಲೇಬೇಕೆಂದು ಆತ ಅರವತ್ತರ ವಯಸ್ಸಿನಲ್ಲಿ ಊರೂರಿಗೆ ಭಾಷಣ ಮಾಡುತ್ತ ಭೂಮಿ ಸುತ್ತಲು ಹೊರಟ. 1896ರ ಜನವರಿಯಲ್ಲಿ ಮುಂಬಯಿಗೆ ಬಂದ. ಸಾಲ ತೀರಿಸಲು ಊರು ಬಿಟ್ಟು ಮುಂಬಯಿ ಸೇರಿದವರು ನಾವು ಮಾತ್ರವೆಂದು ತಿಳಿದಿದ್ದೆವು. ನೋಡಿ, ಈತನೂ ನಮ್ಮ ಪಂಕ್ತಿಯವನೇ! ನಾವು ಇಳಿದದ್ದು ಹತ್ತು ಜನರ ಖೋಲಿಯಲ್ಲಿ, ಆತ ಇಳಿದದ್ದು ವಾಟ್ಸನ್ ಹೊಟೇಲಿನಲ್ಲಿ, ಅಷ್ಟೇ ವ್ಯತ್ಯಾಸ. ಕಾಳಾ ಘೋಡಾದ ಬಳಿ ಕಬ್ಬಿಣದ ಚೌಕಟ್ಟಿನ ಆ ಹಳೆಯ ಕಟ್ಟಡವನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ.

ಈ ಯಾತ್ರೆಯ ಪುಸ್ತಕ ‘ಫಾಲೋಯಿಂಗ್ ದಿ ಇಕ್ವೇಟರ್’ 1897ರಲ್ಲಿ ಹೊರಬಂತು. ಅದರಲ್ಲಿ ಮುಂಬಯಿಯ ಕಾಗೆಯನ್ನು ಕುರಿತು ಬರೆದ ಭಾಗ ಬಲು ಸೊಗಸು. ಹೊಟೇಲಿನ ಬಾಲ್ಕನಿಗೆ ಬಂದು ಕುಳಿತ ಕಾಗೆಗಳು ಆತನ ಉಡುಪು, ಮೈಬಣ್ಣ, ನಡತೆ, ಆತನಿಗೆ ಇನ್ನೂ ಗಲ್ಲಾಗದೆ ಉಳಿದದ್ದು ಹೇಗೆ ಎಂಬುದನ್ನೆಲ್ಲ ಚರ್ಚಿಸುತ್ತವಂತೆ. ಇಲ್ಲಿ ಅವನನ್ನು ಕಂಡು ಕಾಗೆ ನಗುತ್ತಿದೆ, ಆದ್ದರಿಂದ ನಾವೂ ಮನಸಾರ ನಗುತ್ತೇವೆ.

ಆದರೆ ಅದೇ ಪುಸ್ತಕದಲ್ಲಿ ಆತ ತನ್ನ ಸೇವೆಗೆ ಗೊತ್ತುಮಾಡಿಕೊಂಡ ಆಳುಗಳ ಕಥೆಯೂ ಇದೆ. ಒಬ್ಬನ ಇಂಗ್ಲಿಷನ್ನು ಪುಟಗಟ್ಟಲೆ ನಗೆಗೆ ಗುರಿಮಾಡಿ ಕೆಲಸದಿಂದ ಬಿಡಿಸಿದ. ಬದಲಿಗೆ ಬಂದವನ ನಿಜವಾದ ಹೆಸರನ್ನು ಬದಿಗಿಟ್ಟು ‘ಸೈತಾನ’ ಎಂದು ಹೆಸರಿಟ್ಟ. ಸೈತಾನ ಬಾ, ಸೈತಾನ ಹೋಗು! ಓದುವಾಗ ನಗೆ ಬರುತ್ತದೆ, ಇಲ್ಲವೆನ್ನಲಾರೆ. ಆದರೆ ಆ ಆಳು ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದನೋ? ಹದಿನಾಲ್ಕರ ವಯಸ್ಸಿಗೆ ಈ ಊರಿಗೆ ಬಂದು, ತಾಯಿ ಇಟ್ಟ ಹೆಸರನ್ನು ಬಾಗಿಲಲ್ಲೇ ಬಿಟ್ಟು, ‘ಏ ಛೋಟು’ ಎಂಬ ಕೂಗಿಗೆ ಓಗೊಡುತ್ತ ಬೆಳೆದವರು ನಮ್ಮಲ್ಲಿ ಇದ್ದಾರೆ. ಆ ಆಳಿನ ಪುಸ್ತಕ ನಮಗೆ ಸಿಕ್ಕಿಲ್ಲ. ಸಿಕ್ಕಿದ್ದರೆ ಅದರಲ್ಲಿ ಅರವತ್ತರ ಈ ದೊರೆಗೆ ಯಾವ ಹೆಸರಿತ್ತೋ!

ಮಾರ್ಕ್ ಟ್ವೇನನಿಗೆ ಅನ್ಯಾಯ ಮಾಡಬಾರದು. ಅದೇ ಹೊಟೇಲಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ಆತನೇ ಬರೆದಿದ್ದಾನೆ. ಕೋಣೆಯಲ್ಲಿ ಏನನ್ನೋ ಸರಿಪಡಿಸಲು ಒಬ್ಬ ಆಳು ಮೊಣಕಾಲೂರಿ ಕುಳಿತಿದ್ದ. ಮಾಡಿದ್ದು ಸರಿಹೋಗಲಿಲ್ಲವೆಂದು, ಜೊತೆಗಿದ್ದ ದಡೂತಿ ಜರ್ಮನನೊಬ್ಬ ತಪ್ಪು ಏನೆಂದು ಹೇಳುವ ಮೊದಲೇ ಅವನ ದವಡೆಗೆ ಒಂದು ಹೊಡೆದ. ಆಳು ಮಾತಾಡದೆ ಸಹಿಸಿಕೊಂಡ. ಅಲ್ಲಿ ಟ್ವೇನನ ನಗೆ ನಿಂತುಹೋಗುತ್ತದೆ. ಐವತ್ತು ವರ್ಷ ಹಿಂದೆ ಗುಲಾಮಗಿರಿಯ ಸೀಮೆಯಲ್ಲಿ ಕಳೆದ ತನ್ನ ಬಾಲ್ಯ ನೆನಪಾಗುತ್ತದೆ. ಒಳ್ಳೆಯವನಾಗಿದ್ದ ತನ್ನ ತಂದೆಯೂ ಮನೆಯ ಗುಲಾಮ ಹುಡುಗನಿಗೆ ಹೊಡೆಯುತ್ತಿದ್ದುದು, ಯಾವನೋ ಒಬ್ಬ ಕೆಲಸ ಕೆಡಿಸಿದನೆಂಬ ಸಿಟ್ಟಿಗೆ ಗುಲಾಮನ ತಲೆಗೆ ಕಬ್ಬಿಣದ ಅದಿರಿನ ಗಟ್ಟಿಯನ್ನು ಎಸೆದು ಕೊಂದದ್ದು, ಎಲ್ಲ ಕಣ್ಣಮುಂದೆ ಬರುತ್ತದೆ. ಮುಂಬಯಿಯ ಒಂದು ಏಟು ಅವನನ್ನು ಅರ್ಧ ಭೂಮಿ ದಾಟಿಸಿ ಮನೆಗೆ ಮುಟ್ಟಿಸಿತು. ಹೊರದೇಶಕ್ಕೆ ಹೋಗಿ ತನ್ನ ಮನೆಯ ತಪ್ಪನ್ನು ಕಂಡುಕೊಂಡವನ ಪ್ರಯಾಣವೇ ಪ್ರಯಾಣ. ಆ ಒಂದು ಪುಟಕ್ಕಾಗಿ ‘ಸೈತಾನ’ನ ಪುಟಗಳನ್ನು ನಾನು ಕ್ಷಮಿಸಲು ಸಿದ್ಧನಿದ್ದೇನೆ.

ನಮ್ಮ ಸುತ್ತಿನ ಸಾಹಿತ್ಯಕ್ಕೆ ಬರೋಣ. ಮರಾಠಿಯ ಪು. ಲ. ದೇಶಪಾಂಡೆಯವರು ನೆರೆಮನೆಯವರಿದ್ದಂತೆ. 1919ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಕೆಲಕಾಲ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಿದವರು. ಅವರ ‘ಅಪೂರ್ವಾಯಿ’ 1960ರಲ್ಲೂ ‘ಪೂರ್ವರಂಗ’ 1963ರಲ್ಲೂ ಬಂದವು. ಮೊದಲನೆಯದು ಇಂಗ್ಲೆಂಡು-ಯುರೋಪಿನ ಪ್ರವಾಸ, ಎರಡನೆಯದು ಪೂರ್ವದ ದೇಶಗಳದು. ಅವರು ಎಲ್ಲಿಗೆ ಹೋದರೂ ಪಾರ್ಲೆಯ ಒಬ್ಬ ಮಧ್ಯಮವರ್ಗದ ಗೃಹಸ್ಥ ಕಣ್ಣರಳಿಸಿಕೊಂಡು ಹೋದ ಹಾಗೆಯೇ ಇರುತ್ತದೆ, ಪಂಡಿತನ ಗತ್ತಿಲ್ಲ. ಪರದೇಶಕ್ಕೆ ಹೋಗಲಾರದವರಿಗೆ ಅವರ ‘ಮ್ಹೈಸ್’ ಇದೆ. ರತ್ನಾಗಿರಿಯಿಂದ ಮುಂಬಯಿಗೆ ಹೊರಟ ಸರಕಾರಿ ಬಸ್ಸಿಗೆ ಒಂದು ಎಮ್ಮೆ ಅಡ್ಡ ಬರುತ್ತದೆ. ಬಸ್ಸು ನಿಲ್ಲುತ್ತದೆ. ಆಮೇಲೆ ಡ್ರೈವರು, ಕಂಡಕ್ಟರು, ಪ್ರಯಾಣಿಕರು, ಊರ ಜನ, ಪಂಚನಾಮೆ, ಹಾಗೆ ಒಂದು ಎಮ್ಮೆಯ ಸುತ್ತ ಇಡೀ ದೇಶವೇ ನೆರೆಯುತ್ತದೆ. ಕೆಟ್ಟು ನಿಂತ ಬಸ್ಸಿನಲ್ಲಿ ಕಾಣುವಷ್ಟು ಜಗತ್ತು ಓಡುವ ಬಸ್ಸಿನಲ್ಲಿ ಕಾಣದು.

ಕನ್ನಡದಲ್ಲಿಯೂ ಈ ಬೆಳೆ ಹುಲುಸಾಗಿಯೇ ಬಂದಿದೆ. ಪುಸ್ತಕಗಳ ಹೆಸರನ್ನೇ ನೋಡಿ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಪುಸ್ತಕಕ್ಕೆ ‘ಅಮೆರಿಕದಲ್ಲಿ ಗೊರೂರು’ ಎಂದು ಹೆಸರು. ಹೋದದ್ದು ಗೊರೂರರೋ ಗೊರೂರು ಎಂಬ ಊರೋ? ಎರಡೂ ಹೋದವು. ಹೇಮಾವತಿಯ ದಂಡೆಯ ಹಳ್ಳಿಯನ್ನು ಅಳತೆಗೋಲು ಮಾಡಿಕೊಂಡು, ಎಪ್ಪತ್ತು ದಾಟಿದ ಹಿರಿಯರು ಅಷ್ಟು ದೊಡ್ಡ ದೇಶವನ್ನು ಅಳೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಎ. ಎನ್. ಮೂರ್ತಿರಾಯರು ತಮ್ಮ ಪುಸ್ತಕವನ್ನು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದು ಕರೆದರು. ಹೊನ್ನಾವರದಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಕೃಷ್ಣಾನಂದ ಕಾಮತರು ‘ನಾನೂ ಅಮೆರಿಕೆಗೆ ಹೋಗಿದ್ದೆ’ ಎಂದರು. ಆ ‘ನಾನೂ’ ಎಂಬುದರ ದೀರ್ಘವನ್ನು ಗಮನಿಸಿ. ಊರೆಲ್ಲ ಹೋಗಿ ಬಂದು ಜಂಬ ಕೊಚ್ಚಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬರು ಕೈ ಎತ್ತಿದ ಹಾಗಿದೆ. ನಮ್ಮ ಕಾರ್ಮಿಕರ ನಡುವೆ ದುಡಿದ ಚುಟುಕಗಳ ಕವಿ ದಿನಕರ ದೇಸಾಯಿಯವರೂ ‘ನಾ ಕಂಡ ಪಡುವಣ’ ಎಂದು ತಮ್ಮ ಪ್ರವಾಸವನ್ನು ಬರೆದರು. ಮುಖಪುಟದಲ್ಲೇ ತಮ್ಮನ್ನು ಚಿಕ್ಕವರಾಗಿಸಿಕೊಂಡು ಹೊರಟವರು ಇವರು. ಕನ್ನಡದ ಒಳ್ಳೆಯ ಪ್ರವಾಸಿ ಬಾಗಿ ಬಾಗಿಲು ದಾಟುವವನು. ಆದ್ದರಿಂದ ಅವನ ತಲೆಗೆ ಪೆಟ್ಟು ಬೀಳುವುದು ಕಡಿಮೆ.

ಬಂಧುಗಳೆ, ಇಷ್ಟು ಹೊತ್ತು ಹೇಳಿದ್ದು ಬರೆದವರ ಮಾತು. ಇನ್ನು ಬರೆಯದವರ ಮಾತು ಹೇಳುತ್ತೇನೆ. ಬರೆಯದವರೆಂದರೆ ನಾವು.

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ಹಿರಿಯರು ಹೇಳಿದರು. ನಮ್ಮವರು ಕೋಶ ಓದುವ ಮೊದಲೇ ದೇಶ ಸುತ್ತಿದರು, ಹೊಟ್ಟೆ ಸುತ್ತಿಸಿತು. ಘಟ್ಟದ ಕೆಳಗಿನವರು ಹಡಗು ಹತ್ತಿ ಬಂದರು. ಮುಂಗಾರು ಕಾಲಿಟ್ಟೊಡನೆ ಹಡಗು ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಊರಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ತಲಪುತ್ತಿತ್ತು, ಮಗ ತಲಪುತ್ತಿರಲಿಲ್ಲ. ಆಮೇಲೆ ಬಸ್ಸು ಬಂತು, ಘಟ್ಟದ ತಿರುವುಗಳು ಬಂದವು, ತಿರುವಿಗೊಂದು ಲಿಂಬೆಹಣ್ಣು ಬಂತು. ಕೊಂಕಣ ರೈಲ್ವೆಯ ಉದ್ದಕ್ಕೂ ಗಾಡಿ ಓಡತೊಡಗಿದ್ದು 1998ರ ಜನವರಿ 26ರಂದು. ಮುಂಬಯಿಯಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಹೋದದ್ದು 1853ರ ಏಪ್ರಿಲ್ 16ರಂದು. ಠಾಣೆಯವರೆಗೆ ಬಂದ ಗಾಡಿ ಕಡಲ ಕರೆಯಲ್ಲೇ ಹೋಗಿ ನಮ್ಮ ಮಂಗಳೂರು ಮುಟ್ಟಲು ಸುಮಾರು 145 ವರ್ಷ ಹಿಡಿಯಿತು. ಇಷ್ಟು ತಡವಾಗಿ ಬಂದ ಗಾಡಿ ಇನ್ನೊಂದಿಲ್ಲ. ಆದರೂ ಸ್ಟೇಷನ್ನಿನಲ್ಲಿ ಯಾರೂ ಗದ್ದಲ ಮಾಡಲಿಲ್ಲ!

ಘಟ್ಟದ ಮೇಲಿನವರ ಕಥೆ ಬೇರೆ. ಮುಂಬಯಿಯ ಹಳಿ 5 ಅಡಿ 6 ಅಂಗುಲ ಅಗಲ, ನಮ್ಮ ಕಡೆಯ ಹಳಿ ಆಗ ಒಂದೇ ಮೀಟರು ಇತ್ತು. ಆದ್ದರಿಂದ ಹುಬ್ಬಳ್ಳಿ-ಬೆಳಗಾವಿಯವರು ಮೊದಲು ಪುಣೆಯಲ್ಲಿ, ಆ ದಾರಿ ಅಗಲವಾದ ಮೇಲೆ ಮಿರಜಿನಲ್ಲಿ ಗಾಡಿ ಬದಲಿಸಬೇಕಾಗಿತ್ತು. ವಿಜಾಪುರದವರಿಗೆ ಹೊಟಗಿ-ಸೊಲ್ಲಾಪುರ. ನಡುರಾತ್ರಿಯಲ್ಲಿ ಸಂಸಾರವನ್ನೆಲ್ಲ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸುವುದೆಂದರೆ ಸಣ್ಣ ಕುರುಕ್ಷೇತ್ರ. ಯಜಮಾನ ಎಣಿಸುತ್ತಾನೆ: ಗಂಟು ಹದಿಮೂರು, ಮಕ್ಕಳು ಮೂರು. ಪ್ಲಾಟುಫಾರಮು ದಾಟಿ ಮತ್ತೆ ಎಣಿಸಿದರೆ ಗಂಟು ಹನ್ನೆರಡು, ಮಕ್ಕಳು ನಾಲ್ಕು. ಹೆಚ್ಚಿಗೆ ಬಂದ ಮಗು ಯಾರದೆಂದು ಹುಡುಕುವ ಹೊತ್ತಿಗೆ ಕಳೆದ ಗಂಟು ಸಿಕ್ಕುತ್ತದೆ. ಆ ಮಗು ಅದರ ಮೇಲೆಯೇ ಕುಳಿತಿದೆ. ಅದರ ತಾಯಿ ಓಡಿ ಬಂದು ಮಗುವನ್ನು ಎತ್ತಿಕೊಂಡು, ಶೇಂಗಾ ಚಟ್ನಿ ಹಚ್ಚಿದ ಎರಡು ರೊಟ್ಟಿ ಕೊಟ್ಟು ಹೋಗುತ್ತಾಳೆ. ಇಂಥ ಕಥೆ ನಮ್ಮ ಪ್ರತಿ ಮನೆಯಲ್ಲೂ ಒಂದೊಂದು ಇದೆ.

ಮಾತಿನ ಪಾಡು ಕೇಳಬೇಡಿ. ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು. ‘ಬಾಯಿ ಕುಠೆ ಆಹೆ?’ ಎಂದು ಕೇಳಿದರೆ ಊರಿನಿಂದ ಹೊಸದಾಗಿ ಬಂದ ಮಾಣಿ ತನ್ನ ಬಾಯಿ ಮುಟ್ಟಿ ತೋರಿಸುತ್ತಾನೆ. ಬಾಗಿಲು ತಟ್ಟಿದರೆ ಒಳಗಿನಿಂದ ‘ಕೋಣ್ ಆಹೆ?’ ಎಂಬ ಕೂಗು. ಪಾಪ, ಅವರು ಯಾರೆಂದು ಕೇಳಿದ್ದು. ಇವನು ‘ಕೋಣ ಅಲ್ಲ, ನಾನು’ ಎನ್ನುತ್ತಾನೆ. ಹಿಂದಿಯ ಗಿರಾಕಿ ಪ್ರೀತಿಯಿಂದ ‘ಕ್ಯಾ ಹಾಲ್ ಹೈ?’ ಎಂದರೆ ‘ಹಾಲು ಖಲಾಸ್’ ಎಂದು ಉತ್ತರ. ಇವನ್ನು ಹೇಳಿಕೊಂಡು ನಗುವವರು ಹೊರಗಿನವರಲ್ಲ. ಆ ಮಾಣಿಯೇ ಮುಂದೆ ಗಲ್ಲೆಯ ಮೇಲೆ ಕುಳಿತು ಹೇಳಿ ನಗುತ್ತಾನೆ, ಕೇಳಿದ ಮರಾಠಿ ಗೆಳೆಯನೂ ನಗುತ್ತಾನೆ. ಎರಡು ಭಾಷೆಗಳ ನಡುವಿನ ಹೊಸ್ತಿಲಲ್ಲಿ ಎಡವಿ ಇಬ್ಬರೂ ನೆಂಟರಾದರು.

ಈಗ ವಿಮಾನದ ಕಾಲ. ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗುವ ನಮ್ಮ ಹುಡುಗರಿಗೆ ವಿಮಾನ ನಿಲ್ದಾಣದ ತಕ್ಕಡಿಯೇ ಚಿತ್ರಗುಪ್ತ. ಎರಡು ಕಿಲೋ ಹೆಚ್ಚಾಯಿತೆಂದರೆ ಎಲ್ಲರೆದುರು ಪೆಟ್ಟಿಗೆ ಬಿಚ್ಚಬೇಕು. ಹಪ್ಪಳ ಒಂದು ಕಡೆ, ಕುಚ್ಚಲಕ್ಕಿ ಒಂದು ಕಡೆ, ಅಮ್ಮ ಬಟ್ಟೆ ಸುತ್ತಿ ಕೊಟ್ಟ ಉಪ್ಪಿನಕಾಯಿ ಒಂದು ಕಡೆ. ಯಾವುದನ್ನು ಬಿಡುವುದು? ಹುಡುಗ ಉಪ್ಪಿನಕಾಯಿಯನ್ನು ಉಳಿಸಿಕೊಂಡು, ಅಂಗಿಯ ಮೇಲೆ ಇನ್ನೆರಡು ಅಂಗಿ ತೊಟ್ಟು ವಿಮಾನ ಹತ್ತುತ್ತಾನೆ. ಸುಡುವ ಮರುಭೂಮಿಗೆ ಮೂರು ಅಂಗಿ ತೊಟ್ಟು ಇಳಿಯುವ ಇವನನ್ನು ಕಂಡು ಜನ ನಗುತ್ತಾರೆ. ಆ ಮೂರನೆಯ ಅಂಗಿಯ ಲೆಕ್ಕ ಅವರಿಗೆ ಗೊತ್ತಿಲ್ಲ.

ಈಗ ನಾನು ಮೊದಲು ಹೇಳಿದ ಎರಡು ದಾರಿಯ ಮಾತಿಗೆ ಬರುತ್ತೇನೆ. ಪರವೂರಿನವನ ಉಡುಪು, ಊಟ, ಉಚ್ಚಾರ, ಈ ಮೂರೂ ಎಲ್ಲ ಊರಿನಲ್ಲೂ ಅಗ್ಗದ ನಗೆಗೆ ವಸ್ತು. ಒಂದು ಕಾಲದಲ್ಲಿ ಈ ಊರಿನಲ್ಲಿ ಕಾರವಾರದವನೂ ಕಲಬುರ್ಗಿಯವನೂ ಒಟ್ಟಿಗೆ ‘ಮದ್ರಾಸಿ’. ಸರಿ, ನಕ್ಕರು, ನಾವೂ ನಕ್ಕೆವು. ಆದರೆ 1960ರ ದಶಕದಲ್ಲಿ ನಮ್ಮ ಲುಂಗಿಯನ್ನು ಕುರಿತ ನಗೆ ಘೋಷಣೆಯಾಯಿತು. ಘೋಷಣೆ ಉಡುಪಿ ಹೊಟೇಲುಗಳ ಗಾಜಿಗೆ ಬಿದ್ದ ಕಲ್ಲಾಯಿತು. ನಗೆ ಕಲ್ಲಾಗುವುದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಅಂದು ಬಾಗಿಲೆಳೆದುಕೊಂಡು ಒಳಗೆ ಕುಳಿತ ನಮ್ಮವರನ್ನು ಹಿತ್ತಲ ಬಾಗಿಲಿನಿಂದ ವಿಚಾರಿಸಿದ ಮರಾಠಿ ನೆರೆಯವರೂ ಇದ್ದರು, ಅದನ್ನೂ ಮರೆಯಬಾರದು.

ಕಲ್ಲು ತಿಂದವರು ನಾವು. ಈಗ ನಮ್ಮ ಸರದಿ ಏನಾಗಿದೆ? ಉತ್ತರಪ್ರದೇಶ-ಬಿಹಾರಗಳಿಂದ ನಿನ್ನೆ ಬಂದಿಳಿದ ಹುಡುಗ ಇಂದು ನಮ್ಮ ಹೊಟೇಲುಗಳಲ್ಲೇ ಲೋಟ ತೊಳೆಯುತ್ತಿದ್ದಾನೆ. ಅವನಿಗೆ ಇಡ್ಲಿ ಎನ್ನಲು ಬಾರದು, ಸಾಂಬಾರಿಗೆ ಏನನ್ನುತ್ತಾನೋ ಏನೋ. ಅವನ ಮಾತನ್ನು ಅಣಕಿಸಿ ನಗುವವರು ನಮ್ಮಲ್ಲಿ ಇಲ್ಲವೆ? ಅವನ ಹೆಸರನ್ನು ಕೇಳದೆ ‘ಭೈಯಾ’ ಎಂದು ಕೂಗುವವರು ಇಲ್ಲವೆ? ‘ಹಾಲು ಖಲಾಸ್’ ಎಂದ ಮಾಣಿಯನ್ನು ಮರೆತವನು ಮಾತ್ರ ಇವನನ್ನು ಅಣಕಿಸಬಲ್ಲ. ಆದ್ದರಿಂದಲೇ ಆ ಮಾಣಿಯನ್ನು ಮರೆಯಬಾರದು, ಮರೆಯದಿರಲು ಬರೆದಿಡಬೇಕು.

ಇದೇ ನನ್ನ ಬಿನ್ನಹ. ಅಮೆರಿಕಕ್ಕೆ ಹೋದವರ ಪುಸ್ತಕಗಳು ನಮ್ಮ ಸಂಘದ ಕಪಾಟಿನಲ್ಲಿ ಒಂದು ಸಾಲು ಇವೆ. ಊರಿನಿಂದ ಮುಂಬಯಿಗೆ, ಮುಂಬಯಿಯಿಂದ ಊರಿಗೆ ಮೂವತ್ತು-ನಲವತ್ತು ಸಲ ಓಡಾಡಿದವರ ಪುಸ್ತಕ ಎಷ್ಟಿವೆ? ಬೆರಳು ಮಡಿಸಿ ಎಣಿಸಿ. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಪೀಳಿಗೆ ಈಗ ಮುಪ್ಪಿಗೆ ಬಂದಿದೆ. ಆ ರಾತ್ರಿ ಶಾಲೆಗಳಲ್ಲಿ ಹಲವು ಮುಚ್ಚಿವೆ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ಬಳಿಕ ಕೆಲಸ ಹೋದ ಎಷ್ಟೋ ಜನ, ಹೋಗುವ ಟಿಕೀಟನ್ನಷ್ಟೇ ತೆಗೆದು ಊರು ಸೇರಿದರು. ಅವರ ಪ್ರಯಾಣದ ಕಥೆ ಅವರೊಡನೆಯೇ ಹೋಗುತ್ತಿದೆ. ನಮ್ಮ ಮಕ್ಕಳು ರಾತ್ರಿ ಬಸ್ಸಿನಲ್ಲಿ ಮಲಗಿ ಬೆಳಗಾಗುವಾಗ ಊರಿನಲ್ಲಿ ಏಳುತ್ತಾರೆ. ನಡುವೆ ಎಂಥ ದಾರಿ ಇತ್ತೆಂಬುದು ಅವರಿಗೆ ಹೇಗೆ ತಿಳಿಯಬೇಕು?

ಬರೆಯಲು ಬಾರದು ಎನ್ನಬೇಡಿ. ಒಖಿಲ್ ಚಂದ್ರ ಸೇನರಿಗೂ ಬರುತ್ತಿರಲಿಲ್ಲ. ಟಿಕೀಟಿಗೆ ಎಷ್ಟು ಕೊಟ್ಟಿರಿ, ಗಂಟಿನಲ್ಲಿ ಏನಿತ್ತು, ಯಾರು ಜಾಗ ಕೊಟ್ಟರು, ಯಾರು ತಳ್ಳಿದರು, ಯಾವ ಮಾತು ತಿಳಿಯದೆ ಪೇಚಾಡಿದಿರಿ, ಇಷ್ಟು ಬರೆಯಿರಿ. ಎರಡು ಪುಟ ಸಾಕು. ಕೈ ನಡುಗುವ ಹಿರಿಯರು ಬಾಯಲ್ಲಿ ಹೇಳಲಿ, ಕಲಿತ ಮಕ್ಕಳು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಲಿ. ಸಂಘದ ಪತ್ರಿಕೆಯ ಸಂಪಾದಕರು ತಿಂಗಳಿಗೆ ಎರಡು ಪುಟವನ್ನು ಇದಕ್ಕೆ ಮೀಸಲಿಡಬೇಕೆಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ. ಅವರು ತಲೆ ಆಡಿಸಿದ್ದನ್ನು ಸಭೆಯೆಲ್ಲ ನೋಡಿದೆ, ಇನ್ನು ತಪ್ಪಿಸಿಕೊಳ್ಳಲಾರರು.

ಬರೆಯುವಾಗ ಒಂದೇ ನಿಯಮವಿರಲಿ. ಮೊದಲ ನಗೆ ನಮ್ಮ ಮೇಲೆ. ನಮ್ಮನ್ನು ತಳ್ಳಿದವನ ಮೇಲೆ ನಗಬೇಕಾದರೆ ಗಾಂಧೀಜಿಯಂತೆ ಸಾಕ್ಷಿ ಇಟ್ಟುಕೊಂಡು ನಗೋಣ. ನಮಗಿಂತ ಹಿಂದೆ ನಿಂತವನನ್ನು ಕಂಡು ಮಾತ್ರ ನಗುವುದು ಬೇಡ. ಅವನ ತಲೆಯ ಮೇಲಿನ ಗಂಟಿಗೆ ಒಂದು ಕೈ ಕೊಡೋಣ.